ಹೋಸ್ಟಿಂಗ್ ವ್ಯವಹಾರ ಯಾರಿಗೆ ಮಾರಿದರೆ ಒಳ್ಳೆ ಬೆಲೆ? ಮೈಸೂರು, ಮಂಡ್ಯದವರಿಗೊಂದು ಹೋಲಿಕೆ

ಸರಸ್ವತಿಪುರಂನಲ್ಲೋ ಮಂಡ್ಯದ ವಿ.ವಿ. ರಸ್ತೆಯಲ್ಲೋ ಒಂದು ಕೋಣೆಯಿಂದ ನಡೆಯುವ ಹೋಸ್ಟಿಂಗ್ (ಇತರರ ವೆಬ್‌ಸೈಟ್, ಮೇಲ್ ಇಟ್ಟು ನಡೆಸಿಕೊಡುವ) ವ್ಯವಹಾರದಲ್ಲಿ ಕಣ್ಣಿಗೆ ಕಾಣುವ ಆಸ್ತಿ ಬಹಳ ಕಡಿಮೆ. ಸರ್ವರ್ ಮುಂಬೈಯಲ್ಲೋ ಬೆಂಗಳೂರಿನಲ್ಲೋ ಜರ್ಮನಿಯಲ್ಲೋ ಬಾಡಿಗೆಗೆ ಓಡುತ್ತಿರುತ್ತದೆ. ಸರ್ವರ್ ನಿರ್ವಹಿಸುವ ತಂತ್ರಾಂಶ ಸಿಪ್ಯಾನೆಲ್‌ನ ಪರವಾನಗಿ ತಿಂಗಳ ಲೆಕ್ಕದ್ದು, ಡೊಮೇನ್‌ಗಳು (ವೆಬ್ ವಿಳಾಸಗಳು) ಬೇರೆ ಕಂಪನಿಯಿಂದ ಕೊಂಡು ಮಾರುವ ರೀಸೆಲ್ಲರ್ ಖಾತೆಯಲ್ಲಿ. ಕೊಳ್ಳುವವರು ದುಡ್ಡು ಕೊಡುವುದು ಒಂದೇ ನಂಬಿಕೆಯ ಮೇಲೆ: ಇಲ್ಲಿರುವ ಹೋಂಸ್ಟೇ, ಕಾಲೇಜು, ಕ್ಲಿನಿಕ್, ರೇಷ್ಮೆ ಸೀರೆ ಅಂಗಡಿ, ಆಡಿಟರ್ ಕಚೇರಿಗಳು ಮುಂದಿನ ವರ್ಷವೂ ರಿನ್ಯೂವಲ್ ಕಟ್ಟುತ್ತವೆ ಎಂಬುದು. ಹಾಗಾಗಿ ಒಳ್ಳೆ ಬೆಲೆ ಅಂದರೆ ಮೊದಲ ದಿನ ಬಾಯಲ್ಲಿ ಹೇಳಿದ ಮೊತ್ತವಲ್ಲ. ವರ್ಷ ಕಳೆದ ಮೇಲೆ, ಕಳೆಯಬೇಕಾದ್ದನ್ನೆಲ್ಲ ಕಳೆದು, ಬ್ಯಾಂಕಿನಲ್ಲಿ ಉಳಿದಿರುವ ಮೊತ್ತ. ಈ ಎರಡರ ನಡುವಿನ ಅಂತರ ಎಷ್ಟೋ ಸಲ ಮೂರನೇ ಒಂದು ಭಾಗದಷ್ಟಿರುತ್ತದೆ.

ನಮ್ಮ ಕಡೆಯ ಸಣ್ಣ ವ್ಯವಹಾರಕ್ಕೆ ಕೊಳ್ಳುವವರು ನಾಲ್ಕು ಬಗೆ. ಸಣ್ಣ ಕಂಪನಿಗಳನ್ನು ಕೊಂಡು ತಮ್ಮ ಸರ್ವರ್‌ಗೆ ಸೇರಿಸಿಕೊಳ್ಳುವ ದೊಡ್ಡ ಹೋಸ್ಟಿಂಗ್ ಕಂಪನಿ. ಇದೇ ಊರಿನ, ಅಥವಾ ಬೆಂಗಳೂರಿನ, ವೆಬ್ ಡಿಸೈನ್ ಏಜೆನ್ಸಿ. ವೆಬ್ ವ್ಯವಹಾರಗಳನ್ನು ಕೊಂಡು ಮಾರುವ ಫ್ಲಿಪ್ಪಾದಂಥ ಆನ್‌ಲೈನ್ ಮಾರುಕಟ್ಟೆಯಲ್ಲೋ ಬ್ರೋಕರ್ ಮೂಲಕವೋ ಸಿಗುವ ಅಪರಿಚಿತ ಹೂಡಿಕೆದಾರ. ಕೊನೆಯದಾಗಿ, ನಿಮ್ಮಲ್ಲೇ ವರ್ಷಗಳಿಂದ ಸರ್ವರ್ ನೋಡಿಕೊಳ್ಳುತ್ತಿರುವ ಹುಡುಗ ಅಥವಾ ಹುಡುಗಿ.

ಮೊದಲು ಒಂದು ಲೆಕ್ಕ

ಉದಾಹರಣೆಗೆ 420 ಖಾತೆ, ಒಂದೊಂದಕ್ಕೂ ವರ್ಷಕ್ಕೆ ಸರಾಸರಿ 3,000 ರೂಪಾಯಿ ಎಂದಿಟ್ಟುಕೊಳ್ಳಿ. ಡೊಮೇನ್ ಹಣ ಇದರಲ್ಲಿ ಸೇರಿಲ್ಲ. ಅದರಲ್ಲಿ ಲಾಭದ ಅಂಚು ಸಣ್ಣದು, ಅದನ್ನು ಆದಾಯಕ್ಕೆ ಸೇರಿಸಿ ತೋರಿಸಿದರೆ ತಿಳಿದವರು ಮೊದಲ ದಿನವೇ ತೆಗೆದುಹಾಕುತ್ತಾರೆ. ವರ್ಷದ ಆದಾಯ 12.6 ಲಕ್ಷ, ತಿಂಗಳಿಗೆ 1.05 ಲಕ್ಷ. ಸರ್ವರ್, ಪರವಾನಗಿ, ಬ್ಯಾಕಪ್, ಸಪೋರ್ಟ್ ಸೇರಿ ಆದಾಯದ ಶೇ 40 ಖರ್ಚು ಎಂದುಕೊಳ್ಳೋಣ.

ಇಲ್ಲಿ ಮಾರುವವರ ಕಣ್ಣಿಗೆ ಬೀಳದ ಒಂದು ಅಂಶವಿದೆ. ಗ್ರಾಹಕರು ವರ್ಷದ ಹಣ ಮುಂಗಡ ಕಟ್ಟಿದ್ದಾರೆ. ರಿನ್ಯೂವಲ್ ದಿನಾಂಕಗಳು ವರ್ಷಪೂರ್ತಿ ಹರಡಿದ್ದರೆ, ಮಾರುವ ದಿನ ಪ್ರತಿ ಖಾತೆಗೂ ಸರಾಸರಿ ಆರು ತಿಂಗಳ ಸೇವೆ ಬಾಕಿ. ಅಂದರೆ 6.3 ಲಕ್ಷ ರೂಪಾಯಿಯ ಸೇವೆಗೆ ನೀವು ಹಣ ಪಡೆದಾಗಿದೆ, ಸೇವೆ ಇನ್ನೂ ಕೊಟ್ಟಿಲ್ಲ. ಅದನ್ನು ಕೊಡಬೇಕಾದವರು ಕೊಂಡವರು. ಅವರು ಬೆಲೆಯಿಂದ 6.3 ಲಕ್ಷ ಪೂರ್ತಿ ಕಳೆಯಲು ನೋಡುತ್ತಾರೆ. ನೀವು ಒಪ್ಪಬೇಕಾಗಿರುವುದು ಆ ಸೇವೆ ಕೊಡಲು ತಗಲುವ ಖರ್ಚನ್ನು ಮಾತ್ರ, ಅಂದರೆ ಅದರ ಶೇ 40: 2.52 ಲಕ್ಷ. ದೊಡ್ಡ ಸರ್ವರ್ ಪಾರ್ಕ್ ಇರುವ ಕಂಪನಿಗೆ ಅಷ್ಟೂ ಆಗುವುದಿಲ್ಲ. ಈ ಒಂದು ಸಾಲಿನ ಚೌಕಾಸಿ 3.78 ಲಕ್ಷದ್ದು. ಇಡೀ ಮಾತುಕತೆಯಲ್ಲಿ ಇದಕ್ಕಿಂತ ದೊಡ್ಡ ಸಾಲು ಬಹುಶಃ ಇನ್ನೊಂದಿಲ್ಲ.

ಈಗ ಎರಡು ಆಫರ್ ಪಕ್ಕಪಕ್ಕ ಇಡೋಣ. ದೊಡ್ಡ ಕಂಪನಿ 12 ತಿಂಗಳ ಆದಾಯ ಕೊಡುತ್ತೇನೆ ಎನ್ನುತ್ತದೆ: 12.6 ಲಕ್ಷ. ಅದರಲ್ಲಿ ಶೇ 30 ಈಗ, ಉಳಿದ ಶೇ 70 ಆರು ತಿಂಗಳ ನಂತರ, ಉಳಿದುಕೊಂಡ ಗ್ರಾಹಕರ ಪ್ರಮಾಣದಲ್ಲಿ. ಈಗ ಕೈಗೆ 3.78 ಲಕ್ಷ. ಶೇ 80 ಗ್ರಾಹಕರು ಉಳಿದರೆ ನಂತರ 7.06 ಲಕ್ಷ. ಮುಂಗಡ ಸೇವೆಯ 2.52 ಲಕ್ಷ ಕಳೆದರೆ ಒಟ್ಟು 8.32 ಲಕ್ಷ. ಸೈಟ್‌ಗಳನ್ನು ಅವರ ಸರ್ವರಿಗೆ ಒಯ್ಯುವ ಸ್ಥಳಾಂತರ ಕೆಟ್ಟು ಶೇ 65 ಮಾತ್ರ ಉಳಿದರೆ 6.99 ಲಕ್ಷ. ಮುಂಗಡವನ್ನು ಪೂರ್ತಿ ಕಳೆಯಲು ಒಪ್ಪಿಬಿಟ್ಟಿದ್ದರೆ ಅದೇ ಶೇ 65ಕ್ಕೆ ಕೈಗೆ ಬರುವುದು 3.21 ಲಕ್ಷ. ಹೇಳಿದ್ದು 12.6, ಬಂದಿದ್ದು ಅದರ ಕಾಲುಭಾಗ.

ಊರಿನ ಏಜೆನ್ಸಿ 9 ತಿಂಗಳ ಆದಾಯ ಅನ್ನುತ್ತದೆ: 9.45 ಲಕ್ಷ. ಶೇ 60 ಈಗ, ಅಂದರೆ 5.67 ಲಕ್ಷ, ಉಳಿದ 3.78 ಲಕ್ಷ 12 ಕಂತಿನಲ್ಲಿ, ತಿಂಗಳಿಗೆ 31,500. ಅದೇ ಸರ್ವರ್, ಅದೇ ಹೆಸರು ಮುಂದುವರಿಸುವುದರಿಂದ ಮುಂಗಡ ಸೇವೆಯನ್ನು ತಾವೇ ಹೊರುತ್ತಾರೆ, ಗ್ರಾಹಕರು ಉಳಿದರೋ ಬಿಟ್ಟರೋ ಎಂಬ ಷರತ್ತೂ ಇಲ್ಲ. ಕೇಳಲು ಮೂರು ಲಕ್ಷ ಕಡಿಮೆ, ಕೈಗೆ ಬರುವುದು ಹೆಚ್ಚು. ನಿಮ್ಮ ಅಂಕಿಗಳು ಬೇರೆ ಇರುತ್ತವೆ, ಫಲಿತಾಂಶವೂ ಬೇರೆಯಾಗಬಹುದು. ಆದರೆ ಪ್ರತಿ ಆಫರನ್ನೂ ಇದೇ ನಾಲ್ಕು ಸಾಲಿನಲ್ಲಿ ಬರೆದು ನೋಡದೆ ಸಹಿ ಹಾಕಬೇಡಿ: ಈಗ ಎಷ್ಟು, ಆಮೇಲೆ ಯಾವ ಷರತ್ತಿನ ಮೇಲೆ ಎಷ್ಟು, ಮುಂಗಡಕ್ಕೆ ಎಷ್ಟು ಕಡಿತ, ಸ್ಥಳಾಂತರದ ಹೊಣೆ ಯಾರದು.

ದೊಡ್ಡ ಹೋಸ್ಟಿಂಗ್ ಕಂಪನಿಗೆ ಮಾರುವುದು

ಕೊಳ್ಳುವ ಕೆಲಸವೇ ಇವರಿಗೆ ಅಭ್ಯಾಸ, ಹಣವೂ ಇರುತ್ತದೆ, ಮೂರರಿಂದ ಆರು ವಾರದಲ್ಲಿ ಮುಗಿಸಬಲ್ಲರು. ನಿಮಗೆ ಬೇಗ ಹೊರಬರಬೇಕಿದ್ದರೆ, ಗ್ರಾಹಕರು ಬಹುತೇಕ ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವ ಸಾದಾ ಶೇರ್ಡ್ ಹೋಸ್ಟಿಂಗ್‌ನವರಾಗಿದ್ದರೆ ಇದು ಸರಿ. ಇವರು ಖಾತೆಯ ಲೆಕ್ಕದಲ್ಲಿ ಯೋಚಿಸುತ್ತಾರೆ. 2019ರ ಸೆಪ್ಟೆಂಬರ್‌ನಿಂದ ಸಿಪ್ಯಾನೆಲ್ ಸರ್ವರ್‌ಗೆ ಇಷ್ಟು ಎಂಬ ದರ ಬಿಟ್ಟು ಖಾತೆಗೆ ಇಷ್ಟು ಎಂಬ ದರಕ್ಕೆ ಬಂದ ಮೇಲಂತೂ ಕಡಿಮೆ ಹಣ ಕಟ್ಟುವ ಖಾತೆ ಅವರಿಗೆ ಭಾರ. ವರ್ಷಕ್ಕೆ 800 ರೂಪಾಯಿಯ 100 ಗ್ರಾಹಕರಿದ್ದರೆ ಅವರಿಗೆ ಬೆಲೆಯೇ ಕಟ್ಟದೆ ಹೋಗಬಹುದು.

ತೊಂದರೆ ಬರುವುದು ಗ್ರಾಹಕರ ಕಡೆಯಿಂದ. ನಮ್ಮ ಕಡೆಯ ಗ್ರಾಹಕರಿಗೆ ಆನ್‌ಲೈನ್‌ನಲ್ಲಿ ದೂರು ಬರೆದು ಟಿಕೆಟ್ ಹಾಕುವ ಅಭ್ಯಾಸವಿಲ್ಲ, ಅವರು ಫೋನ್ ಮಾಡುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ. ‘ಮೇಲ್ ಬರ್ತಿಲ್ಲ ಸ್ವಲ್ಪ ನೋಡಿ’ ಎಂದರೆ ಅರ್ಥಮಾಡಿಕೊಂಡು ನೋಡುವವರು ಬೇಕು. ಆ ಫೋನ್ ಎತ್ತುವವರು ಇಲ್ಲದಿದ್ದರೆ ಮುಂದಿನ ರಿನ್ಯೂವಲ್‌ಗೆ ಅವರು ಪಕ್ಕದ ರಸ್ತೆಯ ಡಿಸೈನರ್ ಬಳಿ ಹೋಗುತ್ತಾರೆ, ನಿಮ್ಮ ಶೇ 70 ಕರಗುತ್ತದೆ. ಹಾಗಾಗಿ ಈ ದಾರಿಯಲ್ಲಿ ಹೋಗುವುದಾದರೆ ಮೂರು ಮಾತು ಒಪ್ಪಂದದಲ್ಲಿ ಇರಲೇಬೇಕು. ಮೊದಲ ಕಂತು ಶೇ 50ಕ್ಕಿಂತ ಕಡಿಮೆ ಬೇಡ. ಉಳಿದ ಗ್ರಾಹಕರ ಎಣಿಕೆ 90 ದಿನಕ್ಕೆ ಮುಗಿಯಲಿ. ಅದಕ್ಕಿಂತ ದೂರ ಹೋದರೆ ಅವರ ಸೇವೆಯ ಗುಣಕ್ಕೆ ನೀವು ದಂಡ ಕಟ್ಟಿದಂತೆ. ಮೂರನೆಯದು, ಕೊಂಡವರು ದರ ಏರಿಸಿದ ಕಾರಣಕ್ಕೆ ಅಥವಾ ಅವರ ಸರ್ವರ್ ಬಿದ್ದ ಕಾರಣಕ್ಕೆ ಬಿಟ್ಟುಹೋದ ಗ್ರಾಹಕರನ್ನು ಉಳಿದವರು ಎಂದೇ ಎಣಿಸಬೇಕು.

ಊರಿನ ಏಜೆನ್ಸಿಗೆ ಮಾರುವುದು

ನಮ್ಮ ಅಭಿಪ್ರಾಯದಲ್ಲಿ 200ರಿಂದ 800 ಖಾತೆಯ ವ್ಯವಹಾರಕ್ಕೆ ಮೊದಲು ಬಾಗಿಲು ತಟ್ಟಬೇಕಾದ್ದು ಇಲ್ಲೇ. ಏಜೆನ್ಸಿಗೆ ನಿಮ್ಮ ಗ್ರಾಹಕರು ಹೋಸ್ಟಿಂಗ್ ಶುಲ್ಕ ಮಾತ್ರವಲ್ಲ. ಹಳೆಯ ಸೈಟ್ ಹೊಸದು ಮಾಡುವ ಕೆಲಸ, ಬುಕಿಂಗ್ ಪುಟ, ವಾರ್ಷಿಕ ನಿರ್ವಹಣೆ ಎಲ್ಲವೂ ಅಲ್ಲಿಂದ ಹುಟ್ಟುತ್ತದೆ. ಶ್ರೀರಂಗಪಟ್ಟಣದ ಒಂದು ರೆಸಾರ್ಟ್ ದೊಡ್ಡ ಕಂಪನಿಗೆ 3,000 ರೂಪಾಯಿಯ ಖಾತೆ, ಏಜೆನ್ಸಿಗೆ ವರ್ಷಕ್ಕೆ ಅದರ ಹತ್ತುಪಟ್ಟು ಕೆಲಸ. ಈ ಮಾತನ್ನು ಆಫರ್ ಕೇಳುವಾಗಲೇ ಮುಂದಿಡಿ. ಗ್ರಾಹಕರ ಪಟ್ಟಿಯಲ್ಲಿ ಸೈಟ್ ಎಷ್ಟು ಹಳೆಯದು, ಅದನ್ನು ಓಡಿಸುವ ತಂತ್ರಾಂಶ ಪಿಎಚ್‌ಪಿಯ ಯಾವ ಆವೃತ್ತಿ, ಕೊನೆಯ ಬಾರಿ ವಿನ್ಯಾಸ ಬದಲಾದದ್ದು ಯಾವಾಗ ಎಂಬ ಕಾಲಂ ಸೇರಿಸಿದರೆ ಏಜೆನ್ಸಿಯವರು ಅದನ್ನು ಓದುವ ರೀತಿಯೇ ಬೇರೆ.

ಅಪಾಯ ಹಣದ್ದು. ಕಂತು ನಿಲ್ಲಬಹುದು. ಮುಂದಿನ ದಿನಾಂಕದ ಚೆಕ್‌ಗಳನ್ನು ಮೊದಲೇ ಪಡೆಯಿರಿ; ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138 ಇದೆ. ಅದಕ್ಕಿಂತ ಕೈಗೆ ಸಿಗುವ ಹಿಡಿತ ಇನ್ನೊಂದು: ಕೊನೆಯ ಕಂತು ಬರುವವರೆಗೆ ಬ್ರ್ಯಾಂಡಿನ ಮೂಲ ಡೊಮೇನ್ ನಿಮ್ಮ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸುವ ಕಂಪನಿ) ಖಾತೆಯಲ್ಲೇ ಇರಲಿ, ಡಿಎನ್‌ಎಸ್ (ಡೊಮೇನ್ ಯಾವ ಸರ್ವರಿಗೆ ಹೋಗಬೇಕೆಂಬ ದಾಖಲೆ) ಬದಲಿಸುವ ಅಧಿಕಾರ ಮಾತ್ರ ಕೊಂಡವರಿಗೆ ಹೋಗಲಿ. ಗ್ರಾಹಕರ ಸೈಟ್‌ಗಳಿಗೆ ದಾರಿ ತೋರಿಸುವ ನೇಮ್‌ಸರ್ವರ್‌ಗಳಾದ ಎನ್‌ಎಸ್1, ಎನ್‌ಎಸ್2 ಇರುವುದು ಆ ಡೊಮೇನಿನ ಮೇಲೆಯೇ. ಇದನ್ನು ಒಪ್ಪಂದದಲ್ಲಿ ಬರೆದಿಡಿ, ಕಂತು ತಪ್ಪಿದರೆ ಎಷ್ಟು ದಿನದ ನೋಟಿಸ್ ಎಂಬುದನ್ನೂ ಬರೆಯಿರಿ. ಏನೇ ಆದರೂ ಗ್ರಾಹಕರ ಸೈಟ್ ನಿಲ್ಲಿಸುವ ಬೆದರಿಕೆಗೆ ಆ ಅಧಿಕಾರ ಬಳಸಬೇಡಿ. ಆ ಜನ ನಿಮ್ಮನ್ನು ನಂಬಿ ಹಣ ಕಟ್ಟಿದವರು.

ಮಾರುಕಟ್ಟೆ, ಬ್ರೋಕರ್

ಇಲ್ಲಿ ಬೆಲೆ ಆದಾಯದ ಮೇಲಲ್ಲ, ಲಾಭದ ಮೇಲೆ ನಿಲ್ಲುತ್ತದೆ. ಮೇಲಿನ ಲೆಕ್ಕದಲ್ಲಿ ಖರ್ಚು ಕಳೆದು 7.56 ಲಕ್ಷ ಉಳಿಯುತ್ತದೆ, ಆದರೆ ಅದರಲ್ಲಿ ನಿಮ್ಮ ದುಡಿಮೆಯ ಸಂಬಳ ಸೇರಿದೆ. ನಿಮ್ಮ ಜಾಗಕ್ಕೆ ಒಬ್ಬರನ್ನಿಡಲು ವರ್ಷಕ್ಕೆ 3 ಲಕ್ಷ ಅಂದರೆ ನಿಜವಾದ ಲಾಭ 4.56 ಲಕ್ಷ. ಎರಡೂವರೆ ಪಟ್ಟು ಸಿಕ್ಕರೆ 11.4 ಲಕ್ಷ, ಅದರಿಂದ ಕಮಿಷನ್ ಮತ್ತು ವಕೀಲರ ಶುಲ್ಕ ಕಳೆಯಬೇಕು. ತಿಂಗಳುಗಟ್ಟಲೆ ಹಿಡಿಯಬಹುದು, ಕೇಳಿ ಮಾಯವಾಗುವವರೇ ಹೆಚ್ಚು.

ವಿದೇಶಿ ಕೊಳ್ಳುಗರ ಆಸೆ ಬಹಳ ಜನರಿಗಿದೆ. ಗ್ರಾಹಕರು ಡಾಲರ್‌ನಲ್ಲಿ ಕಟ್ಟುವವರಾದರೆ ಖಂಡಿತ ಪ್ರಯತ್ನಿಸಿ. ಎಲ್ಲರೂ ರೂಪಾಯಿಯವರಾದರೆ ವಿದೇಶಿಯರಿಗೆ ಭಾರತದಲ್ಲಿ ಪೇಮೆಂಟ್ ಗೇಟ್‌ವೇ ಖಾತೆ, ಜಿಎಸ್‌ಟಿ ಇನ್‌ವಾಯ್ಸ್ ಎರಡೂ ತಲೆನೋವು, ಮಾತುಕತೆ ಅರ್ಧದಲ್ಲಿ ನಿಲ್ಲುತ್ತದೆ.

ನಿಮ್ಮ ಉದ್ಯೋಗಿಗೇ ಕೊಡುವುದು

ಬೆಲೆ ಕಡಿಮೆ, ಹಣ ನಿಧಾನ, ಗ್ರಾಹಕರು ಮಾತ್ರ ಬಹುತೇಕ ಅಲ್ಲಾಡುವುದಿಲ್ಲ. ತಿಂಗಳ ಲಾಭದಲ್ಲಿ ಪಾಲು ಎಂಬ ರೀತಿಯಲ್ಲಿ ಎರಡು ಮೂರು ವರ್ಷ ಪಡೆಯುವುದಾದರೆ, ಪಾಲು ಲಾಭದ ಮೇಲಲ್ಲದೆ ವಸೂಲಾದ ರಿನ್ಯೂವಲ್ ಹಣದ ಮೇಲೆ ನಿಗದಿಯಾಗಲಿ. ಲಾಭದ ಲೆಕ್ಕ ಬರೆಯುವವರು ಬದಲಾದ ಮೇಲೆ ಲಾಭವೂ ಬದಲಾಗುತ್ತದೆ.

ಬೆಲೆ ಏರಿಸುವುದು ಮಾರುವ ಮೊದಲಿನ ಆರು ತಿಂಗಳು

ಕೊಳ್ಳುವವರು ಮೊದಲು ಕೇಳುವುದು 24 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ರಿಟರ್ನ್‌ಗಳಾದ ಜಿಎಸ್‌ಟಿಆರ್-1 ಮತ್ತು 3ಬಿ, ಬಿಲ್ಲಿಂಗ್ ತಂತ್ರಾಂಶ ಡಬ್ಲ್ಯೂಎಚ್‌ಎಂಸಿಎಸ್‌ನ ಆದಾಯ ವರದಿ. ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಸ್ವಂತ ಖಾತೆಯ ಯುಪಿಐ ಕ್ಯೂಆರ್‌ಗೆ ಹಾಕಿಸಿಕೊಂಡ ಹಣ, ನಗದು ಪಡೆದು ಬಿಲ್ ಮಾಡದ ಹಣ, ಇವಕ್ಕೆ ಮಾರುವಾಗ ಬೆಲೆ ಸೊನ್ನೆ. ಮುಂದಿನ ರಿನ್ಯೂವಲ್‌ನಿಂದಲೇ ಎಲ್ಲವನ್ನೂ ವ್ಯವಹಾರದ ಖಾತೆಗೆ ತಿರುಗಿಸಿ.

ಡಿಸೈನ್ ಮತ್ತು ನಿರ್ವಹಣೆಯ ಬಿಲ್ಲನ್ನು ಹೋಸ್ಟಿಂಗ್ ಬಿಲ್ಲಿನಿಂದ ಬೇರ್ಪಡಿಸಿ. ‘ವೆಬ್‌ಸೈಟ್ ಶುಲ್ಕ 8,000’ ಎಂಬ ಒಂದೇ ಸಾಲಿನಲ್ಲಿ ಹೋಸ್ಟಿಂಗ್ ಎಷ್ಟು ಎಂದು ಯಾರೂ ಊಹಿಸುವುದಿಲ್ಲ, ಕಡಿಮೆಯೆಂದೇ ಹಿಡಿಯುತ್ತಾರೆ. ಸಸ್ಪೆಂಡ್ ಆಗಿ ವರ್ಷವಾದ ಖಾತೆಗಳನ್ನು ಬ್ಯಾಕಪ್ ತೆಗೆದು ಟರ್ಮಿನೇಟ್ ಮಾಡಿ. ಅವು ಪರವಾನಗಿಯ ಎಣಿಕೆಯಲ್ಲಿ ಕೂತು ಖರ್ಚು ಏರಿಸುತ್ತಿರುತ್ತವೆ. ನೆಂಟರ, ಸಂಘದ, ದೇವಸ್ಥಾನದ ಉಚಿತ ಖಾತೆಗಳ ಪಟ್ಟಿ ಬೇರೆ ಇರಲಿ, ಅವನ್ನು ಮುಂದೆ ಏನು ಮಾಡಬೇಕೆಂದು ಒಪ್ಪಂದದಲ್ಲಿ ಒಂದು ಸಾಲು ಬರೆಯಿರಿ. ಒಂದೇ ಶಿಕ್ಷಣ ಸಂಸ್ಥೆಯಿಂದ ಆದಾಯದ ಶೇ 15ಕ್ಕಿಂತ ಹೆಚ್ಚು ಬರುತ್ತಿದ್ದರೆ ಅವರೊಂದಿಗೆ ಬರಹದ ಒಪ್ಪಂದ ಮಾಡಿಕೊಂಡು ಆಮೇಲೆ ಮಾರಾಟಕ್ಕೆ ಇಳಿಯಿರಿ.

ಮಾರುವ ಮುನ್ನ ಮೂರು ವರ್ಷದ ರಿಯಾಯಿತಿ ಪ್ಲಾನ್ ಕೊಟ್ಟು ಹಣ ಎತ್ತುವುದು ಬೇಡ. ಆ ಹಣ ನಿಮ್ಮ ಕೈಯಲ್ಲಿ ಇರುತ್ತದೆ, ಆದರೆ ಮೇಲೆ ಹೇಳಿದ ಮುಂಗಡ ಸೇವೆಯ ಕಡಿತ ಎರಡು ಮೂರು ಪಟ್ಟಾಗುತ್ತದೆ, ನಂಬಿಕೆಯೂ ಹೋಗುತ್ತದೆ.

ಡೊಮೇನ್‌ಗಳ ಮಾಲೀಕತ್ವ ಇನ್ನೊಂದು ಹುಣ್ಣು. ಗ್ರಾಹಕರ ಡೊಮೇನನ್ನು ತಮ್ಮ ಹೆಸರಲ್ಲೇ ನೋಂದಾಯಿಸಿಟ್ಟುಕೊಳ್ಳುವ ರೂಢಿ ನಮ್ಮ ಕಡೆ ಬಹಳ. ತಿಳಿದ ಕೊಳ್ಳುಗರು ಇದನ್ನು ವಿವಾದವೆಂದೇ ನೋಡುತ್ತಾರೆ. ನೋಂದಣಿಯ ವಿವರ ಗ್ರಾಹಕರ ಹೆಸರಿಗೆ ಬದಲಿಸಿ, ಆದರೆ ಈಗಲೇ ಬದಲಿಸಿ: ಡಾಟ್ ಕಾಂನಂಥ ಡೊಮೇನ್‌ಗಳಲ್ಲಿ ಹೆಸರು ಬದಲಾದ ಮೇಲೆ ಬೇರೆ ರಿಜಿಸ್ಟ್ರಾರ್‌ಗೆ ಹೋಗಲು 60 ದಿನದ ತಡೆ ಬೀಳಬಹುದು. ಕೊಂಡವರೂ ನಿಮ್ಮ ರೀಸೆಲ್ಲರ್ ಕಂಪನಿಯಲ್ಲೇ ಖಾತೆ ತೆರೆದರೆ ಒಂದು ಖಾತೆಯಿಂದ ಇನ್ನೊಂದಕ್ಕೆ ಒಳಗೇ ದಾಟಿಸಬಹುದು, ವರ್ಗಾವಣೆಗೆ ಬೇಕಾಗುವ ಅಥರೈಸೇಷನ್ ಕೋಡ್ ಬೇಡ, ಒಂದು ವರ್ಷದ ಶುಲ್ಕವೂ ಬೇಡ. ಕಾಲೇಜುಗಳ ಎಸಿ ಡಾಟ್ ಇನ್, ಇಡಿಯು ಡಾಟ್ ಇನ್ ಹೆಸರುಗಳು ಕೇಂದ್ರ ಸರ್ಕಾರದ ಅಧೀನ ಸಂಸ್ಥೆ ಅರ್ನೆಟ್ ಇಂಡಿಯಾದಲ್ಲಿ ನೋಂದಣಿಯಾದವು. ಅವನ್ನು ನೀವು ದಾಟಿಸಲಾಗದು. ನೇಮ್‌ಸರ್ವರ್ ಬದಲಿಸಲು ಕಾಲೇಜಿನ ಲಾಗಿನ್ ಬೇಕು, ಅದನ್ನು ಹಿಂದಿನ ಪ್ರಿನ್ಸಿಪಾಲರ ಮೇಲ್‌ಗೆ ಕಟ್ಟಿಟ್ಟಿರುತ್ತಾರೆ. ಈ ಪಟ್ಟಿಯನ್ನು ಮೊದಲೇ ಮಾಡಿ ಲಾಗಿನ್ ಸರಿಪಡಿಸಿಡಿ.

ಗ್ರಾಹಕರ ಹೆಸರು, ಫೋನ್, ಮೇಲ್ ಯಾವುದನ್ನೂ ಮಾತುಕತೆಯ ಹಂತದಲ್ಲಿ ಕೊಡಬಾರದು. ಗೌಪ್ಯತೆ ಒಪ್ಪಂದಕ್ಕೆ ಸಹಿಯಾದ ಮೇಲೂ ಕೊಡಬೇಕಾದ್ದು ಸಂಖ್ಯೆ, ಪ್ಲಾನ್, ದರ, ಸೇರಿದ ದಿನಾಂಕ, ಮುಂದಿನ ರಿನ್ಯೂವಲ್ ದಿನಾಂಕ, ಡಿಸ್ಕ್ ಬಳಕೆ ಇಷ್ಟೇ. ಪೂರ್ತಿ ಪಟ್ಟಿ ಹಣ ಎಸ್ಕ್ರೋಗೆ (ಮೂರನೆಯವರು ಹಿಡಿದಿಡುವ ಖಾತೆಗೆ) ಬಂದ ಮೇಲೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದು ಹಂತಹಂತವಾಗಿ ಜಾರಿಗೆ ಬರುತ್ತಿವೆ. ದತ್ತಾಂಶ ಯಾರ ಕೈಗೆ ಹೋಗುತ್ತಿದೆ ಎಂದು ಗ್ರಾಹಕರಿಗೆ ತಿಳಿಸುವುದು ಈಗ ಬರೀ ಸೌಜನ್ಯವಾಗಿ ಉಳಿದಿಲ್ಲ.

ಸ್ಥಳಾಂತರದಲ್ಲಿ ಬೆಲೆ ಕರಗುವ ಜಾಗಗಳು

ಗ್ರಾಹಕರು ಬಿಟ್ಟುಹೋಗುವುದು ಮಾಲೀಕರು ಬದಲಾದರು ಎಂಬ ಸಿಟ್ಟಿಗಲ್ಲ, ಸೋಮವಾರ ಬೆಳಿಗ್ಗೆ ಮೇಲ್ ಬರಲಿಲ್ಲ ಎಂಬುದಕ್ಕೆ. ಆಡಿಟರ್ ಕಚೇರಿಗಳಲ್ಲಿ ಔಟ್‌ಲುಕ್‌ನ ಇನ್‌ಕಮಿಂಗ್ ಸರ್ವರ್ ಜಾಗದಲ್ಲಿ ಗ್ರಾಹಕರ ಡೊಮೇನ್ ಬದಲು ನಿಮ್ಮ ಸರ್ವರಿನ ಹೆಸರೇ ಇರುತ್ತದೆ. ಯಂತ್ರ ಬದಲಾದ ಮೇಲೆ ಆ ಹೆಸರನ್ನು ಹೊಸ ಐಪಿಗೆ (ಸರ್ವರಿನ ಸಂಖ್ಯಾ ವಿಳಾಸಕ್ಕೆ) ತಿರುಗಿಸಿದರೂ ಸಾಲದು. ಹೊಸ ಸರ್ವರಿನ ಎಸ್‌ಎಸ್‌ಎಲ್ ಪ್ರಮಾಣಪತ್ರದಲ್ಲಿ ಹಳೆಯ ಹೆಸರೂ ಇರಬೇಕು, ಇಲ್ಲವಾದರೆ ಎಲ್ಲರ ಪರದೆಯ ಮೇಲೂ ಎಚ್ಚರಿಕೆ. ಕಳಿಸಿದ ಮೇಲ್ ಅಸಲಿ ಎಂದು ತೋರಿಸುವ ದಾಖಲೆಗಳಾದ ಹೊಸ ಐಪಿಯ ಪಿಟಿಆರ್, ಎಸ್‌ಪಿಎಫ್, ಡಿಕಿಮ್ ಮೂರನ್ನೂ ಮೊದಲೇ ಪರೀಕ್ಷಿಸಬೇಕು, ಐಪಿ ಯಾವುದಾದರೂ ಬ್ಲ್ಯಾಕ್‌ಲಿಸ್ಟ್‌ನಲ್ಲಿದೆಯೇ ಎಂದೂ.

ಸಿಪ್ಯಾನೆಲ್‌ನಿಂದ ಸಿಪ್ಯಾನೆಲ್‌ಗೆ ಹೋಗುವುದಾದರೆ ಅದರ ಸರ್ವರ್ ನಿರ್ವಾಹಕರ ಭಾಗವಾದ ಡಬ್ಲ್ಯೂಎಚ್‌ಎಂನ ಟ್ರಾನ್ಸ್‌ಫರ್ ಟೂಲ್ ಪಾಸ್‌ವರ್ಡ್ ಸಮೇತ ಖಾತೆಗಳನ್ನು ಒಯ್ಯುತ್ತದೆ. ಲೈವ್ ಟ್ರಾನ್ಸ್‌ಫರ್ ಆಯ್ಕೆ ಹಾಕಿದರೆ ಹಳೆಯ ಸರ್ವರಿಗೆ ಬಂದವರನ್ನೂ ಹೊಸದಕ್ಕೆ ದಾಟಿಸುತ್ತದೆ. ಎರಡು ದಿನ ಮೊದಲು ಡಿಎನ್‌ಎಸ್ ದಾಖಲೆಯ ಟಿಟಿಎಲ್ (ಹಳೆಯ ವಿಳಾಸ ನೆನಪಿಡುವ ಅವಧಿ) 300 ಸೆಕೆಂಡಿಗೆ ಇಳಿಸಿ. ಗ್ರಾಹಕರು ನಿಮ್ಮದೇ ನೇಮ್‌ಸರ್ವರ್ ಬಳಸುತ್ತಿದ್ದರೆ, ಅವುಗಳ ಐಪಿಯನ್ನು ರಿಜಿಸ್ಟ್ರಾರ್‌ನಲ್ಲಿ ಬದಲಿಸಿದರೆ ಸಾಕು, ಯಾರೂ ಏನೂ ಮುಟ್ಟಬೇಕಿಲ್ಲ. ಕ್ಲೌಡ್‌ಫ್ಲೇರ್ ಎಂಬ ಹೊರಗಿನ ಸೇವೆಯಲ್ಲಿ ಡಿಎನ್‌ಎಸ್ ಇಟ್ಟವರ ಕಥೆ ಬೇರೆ, ಅಲ್ಲಿ ಹಳೆಯ ಐಪಿ ಕೈಯಾರೆ ಬರೆದಿರುತ್ತದೆ. ಅವರನ್ನು ಮೊದಲೇ ಹುಡುಕಿ ಒಬ್ಬೊಬ್ಬರಿಗೂ ಫೋನ್ ಮಾಡಬೇಕು. ಶುಲ್ಕ ಕಟ್ಟಿಸಿಕೊಳ್ಳುವ ಶಾಲೆಗಳು ಸರ್ವರ್ ಐಪಿಯನ್ನು ಬ್ಯಾಂಕಿನಲ್ಲೋ ಎಸ್‌ಎಂಎಸ್ ಗೇಟ್‌ವೇಯಲ್ಲೋ ವೈಟ್‌ಲಿಸ್ಟ್ ಮಾಡಿಸಿರುತ್ತವೆ. ಹೊಸ ಐಪಿ ಸೇರಿಸಲು ವಾರ ಮೊದಲೇ ಪತ್ರ ಕೊಡಿಸಿ. ಜೂಮ್ಲಾ ತಂತ್ರಾಂಶದಲ್ಲಿ ಕಟ್ಟಿದ ಹಳೆಯ ಸೈಟುಗಳು ಪಿಎಚ್‌ಪಿ 5.6 ಮೇಲೆ ನಿಂತಿದ್ದರೆ ಹೊಸ ಸರ್ವರಿನಲ್ಲಿ ಕ್ಲೌಡ್‌ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇದೆಯೇ ಕೇಳಿ, ಅದರಲ್ಲಿ ಹಳೆಯ ಪಿಎಚ್‌ಪಿ ಸಿಗುತ್ತದೆ.

ಬಿಲ್ಲಿಂಗ್ ದತ್ತಾಂಶ ಒಯ್ಯುವಾಗ ಡಬ್ಲ್ಯೂಎಚ್‌ಎಂಸಿಎಸ್‌ನ ಡೇಟಾಬೇಸ್ ಕೊಟ್ಟು ಕಾನ್ಫಿಗರೇಷನ್ ಫೈಲ್ ಬಿಟ್ಟರೆ ಸೇವೆಗಳ ಪಾಸ್‌ವರ್ಡ್ ಯಾವುದನ್ನೂ ಓದಲಾಗುವುದಿಲ್ಲ. ಅವನ್ನು ಬಿಡಿಸುವ ಸಿಸಿ ಎನ್‌ಕ್ರಿಪ್ಷನ್ ಹ್ಯಾಶ್ ಎಂಬ ಕೀಲಿ ಇರುವುದು ಆ ಫೈಲಿನಲ್ಲಿ, ಒಂದೇ ಸಾಲು. ಎರಡು ಡಬ್ಲ್ಯೂಎಚ್‌ಎಂಸಿಎಸ್ ಒಂದುಗೂಡಿಸುವಾಗ ಗ್ರಾಹಕ ಸಂಖ್ಯೆಗಳು ಡಿಕ್ಕಿಯಾಗುತ್ತವೆ. ಮೊದಲ ವರ್ಷ ಎರಡನ್ನೂ ಬೇರೆಬೇರೆ ನಡೆಸಲು ಹೇಳಿ. ಕಾರ್ಡಿನ ಅಥವಾ ಯುಪಿಐ ಆಟೊಪೇಯ ಮ್ಯಾಂಡೇಟ್ (ತಾನಾಗಿ ಹಣ ಕಡಿತವಾಗಲು ಗ್ರಾಹಕರು ಕೊಟ್ಟ ಒಪ್ಪಿಗೆ) ನಿಮ್ಮ ಮರ್ಚೆಂಟ್ ಖಾತೆಗೆ ಕಟ್ಟಿಕೊಂಡದ್ದು, ಕೊಂಡವರ ಖಾತೆಗೆ ತಾನಾಗಿ ಹೋಗದು. ಗ್ರಾಹಕರು ಮತ್ತೆ ಒಪ್ಪಿಗೆ ಕೊಡಬೇಕು, ಮರೆತವರು ಕಳೆದುಹೋದವರ ಲೆಕ್ಕಕ್ಕೆ ಬೀಳುತ್ತಾರೆ. ಹಾಗಾಗಿ ಈ ಸಂಖ್ಯೆಯನ್ನು ಉಳಿದ ಗ್ರಾಹಕರ ಷರತ್ತಿನಲ್ಲಿ ಪ್ರತ್ಯೇಕವಾಗಿ ಬಗೆಹರಿಸಿಕೊಳ್ಳಿ.

ಕಾಲವನ್ನೂ ನೋಡಿ. ದಸರಾಕ್ಕೆ ಒಂದು ತಿಂಗಳು ಮುಂಚಿನಿಂದ ಮುಗಿಯುವವರೆಗೆ ಮೈಸೂರಿನ ಹೋಟೆಲ್, ಹೋಂಸ್ಟೇ, ಟ್ಯಾಕ್ಸಿ ಸೈಟ್‌ಗಳನ್ನು ಮುಟ್ಟಬಾರದು. ವರ್ಷದ ಸಂಪಾದನೆ ಆ ದಿನಗಳಲ್ಲಿದೆ. ಮೇ, ಜೂನ್ ಕಾಲೇಜು ಪ್ರವೇಶದ್ದು, ಮಾರ್ಚ್ ಮತ್ತು ಜುಲೈ ಕೊನೆ ಆಡಿಟರ್‌ಗಳದ್ದು. ಜನವರಿ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯದು. ಮೊದಲ ರಾತ್ರಿ 20 ಖಾತೆ, ಅದೂ ಮಂಗಳವಾರ ಅಥವಾ ಬುಧವಾರ. ಎರಡು ದಿನ ಕಾದು ದೂರು ನೋಡಿ, ಉಳಿದವು 50, 60ರ ಗುಂಪಿನಲ್ಲಿ. ಎರಡು ವಾರ ಮೊದಲು ಕನ್ನಡದಲ್ಲಿ ಪತ್ರ ಹೋಗಲಿ, ಇಬ್ಬರ ಸಹಿಯೊಂದಿಗೆ. ಗ್ರಾಹಕರ ಫೋನಿನಲ್ಲಿ ಉಳಿದಿರುವ ನಿಮ್ಮ ಮೊಬೈಲ್ ಸಂಖ್ಯೆ, ವಾಟ್ಸ್ಆ್ಯಪ್ ಬಿಸಿನೆಸ್ ಸಮೇತ, ಕೊಂಡವರ ಹೆಸರಿಗೆ ವರ್ಗವಾದರೆ ಅರ್ಧ ಗೊಂದಲ ಹುಟ್ಟುವುದೇ ಇಲ್ಲ. ನೀವು 60ರಿಂದ 90 ದಿನ ಫೋನಿಗೆ ಸಿಗುತ್ತೀರಿ ಎಂದು ಬರೆದುಕೊಟ್ಟರೆ ಅದಕ್ಕೂ ಬೆಲೆ ಕೇಳಬಹುದು.

ಕಾಗದ, ತೆರಿಗೆ

ಬರೀ ಗ್ರಾಹಕರ ಪಟ್ಟಿ ಮತ್ತು ಬ್ರ್ಯಾಂಡ್ ಮಾರಿದರೆ ಶೇ 18 ಜಿಎಸ್‌ಟಿ ಬೀಳುತ್ತದೆ. ಕೊಂಡವರಿಗೆ ಅದು ಇನ್‌ಪುಟ್ ಕ್ರೆಡಿಟ್ ಆಗಿ ಮರಳುತ್ತದೆ, ಕಡಿಮೆ ದರದ ಕಾಂಪೋಸಿಷನ್ ಯೋಜನೆಯಲ್ಲಿರುವ ಸಣ್ಣ ಏಜೆನ್ಸಿಗೆ ಮರಳುವುದಿಲ್ಲ. ನಡೆಯುತ್ತಿರುವ ವ್ಯವಹಾರವನ್ನು ಇಡಿಯಾಗಿ, ಆಸ್ತಿ ಹೊಣೆ ಎರಡರೊಂದಿಗೆ ವರ್ಗಾಯಿಸಿದರೆ 2017ರ ಅಧಿಸೂಚನೆ 12ರ ಪ್ರಕಾರ ಜಿಎಸ್‌ಟಿ ವಿನಾಯಿತಿ ಇದೆ. ನಿಮ್ಮಲ್ಲಿ ಉಳಿದ ಕ್ರೆಡಿಟ್ ಐಟಿಸಿ-02 ಫಾರ್ಮಿನ ಮೂಲಕ ಕೊಂಡವರಿಗೆ ಹೋಗುತ್ತದೆ. ಒಟ್ಟು ಮೊತ್ತಕ್ಕೆ ಇಡೀ ವ್ಯವಹಾರ ಮಾರುವ ಈ ಸ್ಲಂಪ್ ಸೇಲ್‌ನಲ್ಲಿ, ಮೂರು ವರ್ಷಕ್ಕೂ ಮೀರಿ ನಡೆಸಿದ ವ್ಯವಹಾರದ ಲಾಭ ದೀರ್ಘಾವಧಿ ಬಂಡವಾಳ ಲಾಭ. 2024ರ ಜುಲೈ 23ರಿಂದ ಅದರ ದರ ಶೇ 12.5. ನಿವ್ವಳ ಮೌಲ್ಯಕ್ಕೆ ಸಿಎ ವರದಿ ಬೇಕು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬರುವುದರಿಂದ ಸೆಕ್ಷನ್ ಸಂಖ್ಯೆಗಳನ್ನು ಹಳೆಯ ಕರಡಿನಿಂದ ನಕಲು ಮಾಡಬೇಡಿ.

ಕಂತಿನಲ್ಲಿ ಮಾರುವವರು ಗಮನಿಸಬೇಕಾದ್ದು: ಹಣ ಮುಂದಿನ ವರ್ಷ ಬಂದರೂ ಬಂಡವಾಳ ಲಾಭದ ತೆರಿಗೆ ವ್ಯವಹಾರ ವರ್ಗಾವಣೆಯಾದ ವರ್ಷಕ್ಕೇ ಸೇರುತ್ತದೆ. ಮೊದಲ ಕಂತು ಆ ತೆರಿಗೆಗಾದರೂ ಸಾಕಾಗಬೇಕು. ಇನ್ನೊಂದು, ಮತ್ತೆ ಹೋಸ್ಟಿಂಗ್ ಮಾಡುವುದಿಲ್ಲ ಎಂಬ ಷರತ್ತಿಗೆ ಪ್ರತ್ಯೇಕ ಮೊತ್ತ ನಮೂದಿಸಲು ಕೊಂಡವರು ಕೇಳಬಹುದು. ಹಾಗೆ ಬರೆದ ಮೊತ್ತ ಸಾಮಾನ್ಯವಾಗಿ ವ್ಯವಹಾರದ ಆದಾಯವಾಗಿ ಸ್ಲ್ಯಾಬ್ ದರಕ್ಕೆ ಹೋಗುತ್ತದೆ, ಅದನ್ನು ಚಿಕ್ಕದಾಗಿಡಿ. ಆ ಷರತ್ತನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 27 ಇಂಥ ನಿರ್ಬಂಧಗಳನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಆದರೆ ಗುಡ್‌ವಿಲ್ (ವ್ಯವಹಾರ ಗಳಿಸಿದ ಹೆಸರು, ನಂಬಿಕೆ) ಮಾರಿದಾಗ ನ್ಯಾಯವಾದ ಸ್ಥಳೀಯ ಮಿತಿಯೊಳಗೆ ಅದು ಊರ್ಜಿತ. ಮೈಸೂರು, ಮಂಡ್ಯ ಜಿಲ್ಲೆ, ಎರಡು ವರ್ಷ, ಶೇರ್ಡ್ ಹೋಸ್ಟಿಂಗ್ ಮಾತ್ರ ಎಂದು ಕಿರಿದಾಗಿ ಬರೆಸಿ. ವೆಬ್ ಡಿಸೈನ್ ಮುಂದುವರಿಸುವ ಹಕ್ಕು ಉಳಿಸಿಕೊಳ್ಳಿ.

ಮಾರಿದ ಮೇಲೂ ಕೆಲವು ಕಡತ ನಿಮ್ಮ ಬಳಿ ಇರಬೇಕು. ಜಿಎಸ್‌ಟಿ ದಾಖಲೆಗಳು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು. ವಿಪಿಎಸ್ (ಒಬ್ಬ ಗ್ರಾಹಕರಿಗೇ ಮೀಸಲಾದ ವರ್ಚುವಲ್ ಸರ್ವರ್) ಕೊಟ್ಟಿದ್ದರೆ, ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ, ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ, ಬಳಸಿದ ಅವಧಿಯ ವಿವರ ಸೇವೆ ನಿಂತ ಮೇಲೂ 5 ವರ್ಷ, ಲಾಗ್‌ಗಳು 180 ದಿನ. ಈ ಹೊಣೆ ಯಾವ ದಿನಾಂಕದವರೆಗೆ ನಿಮ್ಮದು, ಯಾವ ದಿನಾಂಕದಿಂದ ಕೊಂಡವರದು ಎಂದು ಒಪ್ಪಂದದಲ್ಲಿ ಬರೆಯಿರಿ. ಹಳೆಯ ಸರ್ವರನ್ನು ಕೊನೆಯ ಖಾತೆ ದಾಟಿದ ಮೇಲೆ ಇನ್ನೂ 30 ದಿನ ಓಡಿಸಿ, ಆ ಬಾಡಿಗೆ ಕೊಂಡವರ ಲೆಕ್ಕಕ್ಕೆ ಹಾಕಿಸಿ, ಪೂರ್ತಿ ಬ್ಯಾಕಪ್ ಕೊಟ್ಟದ್ದಕ್ಕೆ ರಸೀದಿ ಪಡೆದ ಮೇಲೆ ಡಿಸ್ಕ್ ಅಳಿಸಿ.